ಕಾಪಿಶಾಯನವೂ ನಂದಿಯ ದ್ರಾಕ್ಷಿಯೂ

ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ, ತದ್ಧಿತಪ್ರಕರಣದಲ್ಲಿ, ಒಂದು ಪುಟ್ಟ ಸೂತ್ರವುಂಟು. ಕಾಪಿಶೀ ಎಂಬ ಪಟ್ಟಣದ ಹೆಸರಿನ ಮೇಲೆ ಒಂದು ಪ್ರತ್ಯಯವನ್ನು ವಿಧಿಸಿ, ಆ ಪಟ್ಟಣದಲ್ಲಿ ಹುಟ್ಟಿದ ವಸ್ತುವಿಗೆ ಕಾಪಿಶಾಯನವೆಂಬ ರೂಪವನ್ನು ಅದು ಸಾಧಿಸಿಕೊಡುತ್ತದೆ. ಇದಕ್ಕೆ ಕಾಶಿಕಾವೃತ್ತಿಯಲ್ಲಿ ಕೊಟ್ಟಿರುವ ಉದಾಹರಣೆಗಳು ಎರಡು. ಒಂದು ಅಲ್ಲಿಯ ಮಧು, ಎಂದರೆ ದ್ರಾಕ್ಷಿಯ ಮದ್ಯ; ಮತ್ತೊಂದು ಅಲ್ಲಿಯ ದ್ರಾಕ್ಷಿಯೇ. ಈ ಕಾಪಿಶೀ ನಗರವು ಅಫ್ಘಾನಿಸ್ತಾನದಲ್ಲಿ ಕಾಬೂಲಿಗೆ ಉತ್ತರವಾಗಿರುವ ಬೆಗ್ರಾಮ್ ಎಂಬ ಸ್ಥಳದಲ್ಲಿದ್ದಿತೆಂದು ಪ್ರಾಕ್ತನಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಕೌಟಿಲ್ಯನೂ ತನ್ನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ದ್ರಾಕ್ಷಾರಸದಿಂದಾದ ಮಧುವಿಗೆ ಅದು ಬಂದ ದೇಶದ ಹೆಸರೇ ಹೆಸರೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡನ್ನು ಹೆಸರಿಸುತ್ತಾನೆ. ಮಣ್ಣಿನ ಹೆಸರು ರುಚಿಗೆ ಅಂಟಿಕೊಳ್ಳುವುದು ನಿನ್ನೆ ಮೊನ್ನೆಯ ವ್ಯಾಪಾರಿಗಳು ಕಂಡುಹಿಡಿದ ಉಪಾಯವಲ್ಲವೆಂಬುದಕ್ಕೆ ಇಷ್ಟೇ ಸಾಕು.

ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಈ ಸೂತ್ರವನ್ನು ನಾನು ಕಂಠಸ್ಥಮಾಡಿದೆನು. ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕು ಉಪಾಧ್ಯಾಯವೃತ್ತಿಯಲ್ಲಿದ್ದಾಗ ಸಂದರ್ಭ ಬಂದಾಗಲೆಲ್ಲ ಹುಡುಗರಿಗೆ ಇದರ ಕಥೆಯನ್ನು ಹೇಳುತ್ತಿದ್ದೆನು. ನಾನು ಪಾಠ ಹೇಳುತ್ತಿದ್ದ ಕೊಠಡಿಯ ಕಿಟಕಿಯಿಂದ ನಂದಿಬೆಟ್ಟವು ಕಾಣುತ್ತಿದ್ದಿತು. ಮಾಘ ಫಾಲ್ಗುಣಗಳಲ್ಲಿ ದ್ರಾಕ್ಷಿಯನ್ನು ಹೇರಿಕೊಂಡ ಲಾರಿಗಳು ಅದೇ ಬೀದಿಯಲ್ಲಿ ಬೆಂಗಳೂರಿನ ಕಡೆಗೆ ಹೋಗುತ್ತಿದ್ದುವು. ಕಾಬೂಲಿನ ದ್ರಾಕ್ಷಿಯನ್ನು ವರ್ಣಿಸುತ್ತಿದ್ದ ನನ್ನ ಬಾಯಿಗೂ ಕಿಟಕಿಯ ಹೊರಗೆ ಹೋಗುತ್ತಿದ್ದ ದ್ರಾಕ್ಷಿಗೂ ಏನಾದರೂ ಸಂಬಂಧವುಂಟೆಂದು ನನಗೆ ಒಂದು ದಿನವಾದರೂ ತೋರಲಿಲ್ಲ.

ಹಿಂದಿನ ಮಾಘಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಅವನು ಈಗ ನಂದಿಯ ಹೋಬಳಿಯಲ್ಲಿ ನಾಲ್ಕು ಎಕರೆ ದ್ರಾಕ್ಷಿಯನ್ನು ಬೆಳೆಯುವ ಗೃಹಸ್ಥನು. ಕುಶಲಪ್ರಶ್ನೆಗಳಾದ ಮೇಲೆ ಅವನು, “ಮೇಷ್ಟ್ರೇ, ನೀವು ಹೇಳಿದ ಕಾಬೂಲ್ ದ್ರಾಕ್ಷಿಯ ಪಾಠ ನನಗೆ ಇನ್ನೂ ನೆನಪಿದೆ. ಆದರೆ ಹೋದ ವಾರ ಹಣ್ಣು ಕೊಳ್ಳುವುದಕ್ಕೆ ಬಂದಿದ್ದ ಪರವೂರಿನವರು, ನಿಮ್ಮ ನಂದಿ ದೇವಸ್ಥಾನವನ್ನು ಕಟ್ಟಿಸಿದವರು ಯಾರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ದಿನಾ ಅದರ ಮುಂದೆಯೇ ಓಡಾಡುತ್ತೇನೆ, ಹೇಳುವುದಕ್ಕೆ ಬಾಯಿ ಬರಲಿಲ್ಲ” ಎಂದನು. ಅವನ ಮಾತಿನಲ್ಲಿ ಆಕ್ಷೇಪಣೆಯ ಛಾಯೆಯೂ ಇರಲಿಲ್ಲ. ಆದಕಾರಣವೇ ಅದು ನನಗೆ ಹೆಚ್ಚಾಗಿ ತಾಗಿತು. ಬೆಂಜಮಿನ್ ಲೂಯಿ ರೈಸ್ ಮಹಾಶಯರು ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿಯೇ ಪ್ರಕಟಿಸಿದ್ದಾರೆ. ನಮ್ಮ ತಾಲ್ಲೂಕಿನ ಶಾಸನಗಳೂ ಅದರಲ್ಲಿ ಸೇರಿವೆ. ಅದನ್ನು ತೆಗೆದು ಹುಡುಗರ ಮುಂದಿಡುವುದಕ್ಕೆ ನನ್ನನ್ನು ತಡೆದವರು ಯಾರೂ ಇರಲಿಲ್ಲ. ಅವನಿಗೆ ಸಲ್ಲಬೇಕಾಗಿದ್ದ ಆ ಪಾಠವನ್ನು ಒಂದು ದಿನದ ಸಂಚಾರದಿಂದಾದರೂ ತೀರಿಸೋಣವೆಂದು ನಿಶ್ಚಯಿಸಿ, ಮರುವಾರ ಇಬ್ಬರೂ ಹೊರಟೆವು. ಆ ಸಂಚಾರದ ವೃತ್ತಾಂತವೇ ಈ ಲೇಖನ.

ನಂದಿಗ್ರಾಮವು ಚಿಕ್ಕಬಳ್ಳಾಪುರಕ್ಕೆ ಮೂರು ನಾಲ್ಕು ಮೈಲಿಗಳ ದೂರದಲ್ಲಿ ಬೆಟ್ಟದ ತಪ್ಪಲಿನಲ್ಲಿದೆ. ಅಲ್ಲಿಯ ಭೋಗನಂದೀಶ್ವರ ದೇವಾಲಯದ ಪ್ರಸ್ತಾಪವು ಒಂಬತ್ತನೆಯ ಶತಮಾನದ ಆದಿಭಾಗದ ಶಾಸನಗಳಲ್ಲಿಯೇ ಬರುತ್ತದೆ. ಆಗ ಈ ಭೂಮಿಗೆ ರಾಷ್ಟ್ರಕೂಟ ಮೂರನೆಯ ಗೋವಿಂದನು ಚಕ್ರವರ್ತಿ. ಅವನ ಕೆಳಗೆ ಬಾಣರೂ ನೊಳಂಬರೂ ಇಲ್ಲಿ ಆಳುತ್ತಿದ್ದರು. ಬಾಣವಂಶದ ವಿದ್ಯಾಧರರಾಜನ ಪತ್ನಿಯಾದ ರತ್ನಾವಳಿಯು ಈ ಶಿವಾಲಯವನ್ನು ಕಟ್ಟಿಸಿದಳೆಂದು ಇತಿಹಾಸಕಾರರು ಹೇಳುತ್ತಾರೆ. ನನ್ನ ಶಿಷ್ಯನ ಪ್ರಶ್ನೆಗೆ ಉತ್ತರವಿದು: ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು. ಹನ್ನೆರಡು ಶತಮಾನಗಳಾದ ಮೇಲೆಯೂ ಅವಳ ದೀಪವು ಆರದೆ ಉರಿಯುತ್ತಿದೆ. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ರತ್ನಾವಳಿ” ಎಂದು ಆ ಹೆಸರನ್ನು ಒಮ್ಮೆ ತಾನೇ ಹೇಳಿಕೊಂಡನು.

ದೇವಾಲಯದ ರಚನೆಯನ್ನು ನೋಡತಕ್ಕವರು ಅವಸರಪಡಬಾರದು. ದಕ್ಷಿಣದಲ್ಲಿ ಅರುಣಾಚಲೇಶ್ವರನ ಗುಡಿ, ಉತ್ತರದಲ್ಲಿ ಭೋಗನಂದೀಶ್ವರನ ಗುಡಿ. ಒಂದೇ ಪ್ರಾಕಾರದಲ್ಲಿ ಎರಡೂ ಅವಳಿಗಳಂತೆ ಪೂರ್ವಾಭಿಮುಖವಾಗಿ ನಿಂತಿವೆ. ಎರಡರ ಮಧ್ಯದಲ್ಲಿ ಉಮಾಮಹೇಶ್ವರನ ಚಿಕ್ಕ ಗುಡಿಯೂ, ಅದರ ಮುಂದೆ ಕರಿಯ ಕಲ್ಲಿನ ಕಂಬಗಳ ಕಲ್ಯಾಣಮಂಟಪವೂ ಆಮೇಲಿನವರ ಕಾಲದಲ್ಲಿ ಸೇರಿಕೊಂಡುವು. ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯ ಎಂದು ಜನರು ಹೇಳುವುದುಂಟು. ಭೋಗನಂದಿಯ ಗೋಡೆಯ ಜಾಲಂಧ್ರಗಳಲ್ಲಿ ಕುಣಿಯುವ ಶಿವನೂ, ಕೋಣದ ತಲೆಯ ಮೇಲೆ ನಿಂತ ದುರ್ಗೆಯೂ ಇದ್ದಾರೆ. ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿಗಳ ನಡುವೆ ಗಿಳಿಗಳು ಕುಳಿತಿವೆ. ನನ್ನ ಶಿಷ್ಯನಿಗೆ ಇವುಗಳನ್ನೆಲ್ಲ ಬಿಟ್ಟು ಕಣ್ಣು ಬಿದ್ದದ್ದು ಆ ಗಿಳಿಗಳ ಮೇಲೆಯೇ. “ಇವುಗಳ ಕಾಟ ಆಗಲೂ ಇತ್ತು ಮೇಷ್ಟ್ರೇ” ಎಂದು ನಕ್ಕನು. ಗಿಳಿಗಳಿಂದ ಹಣ್ಣನ್ನು ಕಾಪಾಡುವುದಕ್ಕಾಗಿ ತೋಟಕ್ಕೆಲ್ಲ ಬಲೆ ಕಟ್ಟಿರುವವನು ಅವನು. ಶಿಲ್ಪವನ್ನು ಹೀಗೆಯೂ ನೋಡಬಹುದೆಂಬುದನ್ನು ನಾನು ಅಂದು ಕಲಿತೆನು.

ಬಾಣ, ನೊಳಂಬ, ಗಂಗ, ಚೋಳ, ಹೊಯ್ಸಳ, ವಿಜಯನಗರ ಎಂದು ಪಾಠಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಲ್ಲಿ ಓದುವ ರಾಜವಂಶಗಳೆಲ್ಲ ಈ ಒಂದು ಪ್ರಾಕಾರದೊಳಗೆ ಒಬ್ಬರ ಕೈಕೆಲಸಕ್ಕೆ ಮತ್ತೊಬ್ಬರು ಕೈಗೂಡಿಸಿದ್ದಾರೆ. ಹಿಂದಿನದನ್ನು ಕೆಡವಿ ಹೊಸದನ್ನು ಕಟ್ಟುವ ಬುದ್ಧಿಯು ಇಲ್ಲಿ ಯಾರಿಗೂ ಬರಲಿಲ್ಲ. ಪ್ರಾಕಾರದ ಪಕ್ಕದಲ್ಲಿ ಮೆಟ್ಟಿಲುಗಳಿಂದ ಕೂಡಿದ ಶೃಂಗಿತೀರ್ಥವಿದೆ. ದಕ್ಷಿಣಪಿನಾಕಿನಿಗೆ ಇದೇ ಮೂಲವೆಂದು ಭಕ್ತರ ನಂಬಿಕೆ. ಉತ್ತರಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಘ್ನಿಗಳೂ ಈ ಗಿರಿಪಂಕ್ತಿಯ ಆಸುಪಾಸಿನಲ್ಲಿಯೇ ಹುಟ್ಟುತ್ತವೆ. ಇಷ್ಟು ನದಿಗಳಿಗೆ ತವರಾದ ನಮ್ಮ ಸೀಮೆಯಲ್ಲಿ ಸದಾ ಹರಿಯುವ ನದಿ ಒಂದೂ ಇಲ್ಲವೆಂಬುದು ವಿಧಿಯ ವಿನೋದವೆಂದೇ ಹೇಳಬೇಕು. ಈ ಮಾತಿಗೆ ಮುಂದೆ ಪ್ರಸಕ್ತಿ ಬರುವುದು.

ದೇವರ ದರ್ಶನವಾದ ಮೇಲೆ ಬೆಟ್ಟವನ್ನು ಹತ್ತಿದೆವು. ವಾಹನದಲ್ಲಿ ಎಂದು ಒಪ್ಪಿಕೊಳ್ಳುತ್ತೇನೆ. ಸೋಪಾನಮಾರ್ಗವನ್ನು ಹತ್ತುವ ವಯಸ್ಸು ನನ್ನದಲ್ಲ. ನಂದಿದುರ್ಗದ ಎತ್ತರವು 4,851 ಅಡಿ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದಲ್ಲಿದ್ದ ಕೋಟೆಯನ್ನು ಹೈದರನೂ ಟಿಪ್ಪುವೂ ಬಲಪಡಿಸಿದರು. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲು ತನ್ನ ಬೆನ್ನಿನ ಹಿಂದೆ ಶತ್ರುದುರ್ಗಗಳಿರಬಾರದೆಂದು ಮೇಜರ್ ಗೌಡಿ ಎಂಬುವನನ್ನು ಇಲ್ಲಿಗೆ ಕಳುಹಿಸಿದನು. ಕಡಿದಾದ ಬಂಡೆಗಳ ಮೇಲೆ ಫಿರಂಗಿಗಳನ್ನು ಎಳೆದೊಯ್ಯುವುದೇ ಅವರಿಗೆ ಪರಮಸಂಕಟವಾಯಿತು. ಸುಮಾರು ಮೂರು ವಾರಗಳ ಮುತ್ತಿಗೆಯ ತರುವಾಯ ಅಕ್ಟೋಬರ್ 19ರ ಬೆಳಗಿನ ಜಾವದಲ್ಲಿ, ಮೇಲಿನಿಂದ ಉರುಳಿಬರುತ್ತಿದ್ದ ಬಂಡೆಗಲ್ಲುಗಳನ್ನು ತಪ್ಪಿಸಿಕೊಂಡು, ಇಂಗ್ಲಿಷರು ಕೋಟೆಯನ್ನು ಹಿಡಿದರು. ಯುದ್ಧಕ್ಕಾಗಿ ಕಟ್ಟಿದ ಈ ಬೆಟ್ಟವು ಮುಂದೆ ವಿಶ್ರಾಂತಿಯ ಸ್ಥಾನವಾಯಿತು. 1927ರಲ್ಲಿ ದೇಹಸ್ಥಿತಿ ಕೆಟ್ಟಿದ್ದ ಮಹಾತ್ಮಾ ಗಾಂಧಿಯವರು ಇಲ್ಲಿ ಒಂದೂವರೆ ತಿಂಗಳು ತಂಗಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. ಮದ್ಯಪಾನದ ಪರಮಶತ್ರುವಾಗಿದ್ದ ಆ ಮಹಾಪುರುಷರು ಉಸಿರಾಡಿದ ಗಾಳಿಯೇ ಇಂದು ತಪ್ಪಲಿನ ದ್ರಾಕ್ಷಿಯ ತೋಟಗಳ ಮೇಲೆಯೂ ಬೀಸುತ್ತದೆಂಬುದನ್ನು ನೆನೆದಾಗ, ಮಧ್ಯಾಹ್ನಕ್ಕೆ ನಿಶ್ಚಯವಾಗಿದ್ದ ಕಾರ್ಯಕ್ರಮದ ವಿಷಯದಲ್ಲಿ ನನಗೆ ಕೊಂಚ ಅಳುಕು ಉಂಟಾಯಿತು.

ಇಳಿಯುವಾಗ ಶಿಷ್ಯನು ಮುದ್ದೇನಹಳ್ಳಿಯ ದಿಕ್ಕನ್ನು ತೋರಿಸಿದನು. ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದುದೂ, 1962ರಲ್ಲಿ ಅವರ ದೇಹವು ಅಗ್ನಿಗೆ ಅರ್ಪಿತವಾದುದೂ ಆ ಹಳ್ಳಿಯಲ್ಲಿಯೇ. ನೀರಿಲ್ಲದ ಸೀಮೆಯಲ್ಲಿ ಹುಟ್ಟಿದವರಿಗೆ ನೀರನ್ನು ಕಟ್ಟಿ ನಿಲ್ಲಿಸುವ ವಿದ್ಯೆಯೇ ಒಲಿಯಿತು.

ಮಧ್ಯಾಹ್ನದ ಊಟವು ಶಿಷ್ಯನ ಮನೆಯಲ್ಲಿ. ನನ್ನ ಅಜ್ಜನ ಕಾಲದಲ್ಲಿ ಇಂಥ ಪಂಕ್ತಿಯು ಸಾಧ್ಯವಿರಲಿಲ್ಲ; ಅದು ಸಾಧ್ಯವಾದುದು ಒಳ್ಳೆಯದಾಯಿತೆಂದು ಮಾತ್ರ ಹೇಳಿ ಮುಂದುವರಿಯುತ್ತೇನೆ. ಅವರೆಯ ಕಾಲವು ಮುಗಿಯುತ್ತ ಬಂದಿದ್ದಿತು. ಆದರೂ ಅವನ ತಾಯಿ ಕೊನೆಯ ಕೊಯ್ಲಿನ ಸೊಗಡಿರುವ ಕಾಯನ್ನು ಆರಿಸಿ ತರಿಸಿ, ಕಾಳನ್ನು ನೆನೆಸಿ, ಒಂದೊಂದನ್ನೂ ಬೆರಳಿನಿಂದ ಹಿತಕಿ ಬೇಳೆಮಾಡಿ ಸಾರು ಮಾಡಿದ್ದರು. ಅದರೊಡನೆ ಬಿಸಿಯಾದ ರಾಗಿಮುದ್ದೆ, ಸೊಪ್ಪಿನ ಪಲ್ಯ, ಮಜ್ಜಿಗೆ, ಕೊನೆಗೆ ದೇವನಹಳ್ಳಿಯ ಚಕ್ಕೋತದ ತೊಳೆಗಳು. “ಮುದ್ದೆ ಅಗಿಯಬಾರದು ಸ್ವಾಮಿ, ನುಂಗಬೇಕು” ಎಂದು ಆ ತಾಯಿಯು ನನಗೆ ಪಾಠಹೇಳಿದರು.

ಈ ಊಟಕ್ಕೂ ಇತಿಹಾಸವಿಲ್ಲದೆ ಇಲ್ಲ. ರಾಗಿಯು ಆಫ್ರಿಕಾಖಂಡದಲ್ಲಿ ಹುಟ್ಟಿ ಬಹು ಪ್ರಾಚೀನಕಾಲದಲ್ಲಿಯೇ ನಮ್ಮಲ್ಲಿಗೆ ಬಂದ ಧಾನ್ಯವೆಂದು ಸಸ್ಯಶಾಸ್ತ್ರಜ್ಞರ ಮತ. ಹುಳು ಹಿಡಿಯದ ಆ ಧಾನ್ಯವನ್ನು ನಮ್ಮ ಹಿರಿಯರು ನೆಲದೊಳಗಿನ ಹಗೇವುಗಳಲ್ಲಿ ಅನೇಕ ವರ್ಷಗಳವರೆಗೆ ತುಂಬಿಟ್ಟು ಬರಗಾಲಗಳನ್ನು ದಾಟಿದರು. ಶಿಷ್ಯನ ಹಿತ್ತಿಲಿನಲ್ಲಿ ಮುಚ್ಚಿಹೋದ ಅಂಥ ಹಗೇವಿನ ಬಾಯಿ ಇನ್ನೂ ಕಾಣುತ್ತದೆ. ಕನ್ನಡಿಗರು ಅಡುಗೆಯನ್ನು ಶಾಸ್ತ್ರವಾಗಿ ಗೌರವಿಸಿದ ಜನ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವುಂಟು. ಮೂರನೆಯ ಮಂಗರಸನು ಅದರ ಮೇಲೆ ಒಂದು ಗ್ರಂಥವನ್ನೇ ಬರೆದನು. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗದಲ್ಲಿ ಇಡರಿಕೆ, ಧೋಸಕಗಳು ಬರುತ್ತವೆ. ನಮ್ಮ ಇಡ್ಲಿ ದೋಸೆಗಳ ಪೂರ್ವಿಕರು ಅವು. ಅದೇ ಗ್ರಂಥದ ಕ್ರೀಡಾವಿಂಶತಿಯಲ್ಲಿ ಮದಿರಾಪಾನಕ್ರೀಡೆಯೂ ಒಂದು. ಅರಸನು ಎರಡನ್ನೂ ಮರೆಮಾಚದೆ ಬರೆದನು. ನಾವು ಒಂದನ್ನು ಮಾತ್ರ ಓದಿ ಮತ್ತೊಂದರ ಪುಟವನ್ನು ಮಗುಚುತ್ತೇವೆ.

ಊಟದ ತರುವಾಯ ತೋಟಕ್ಕೆ ಹೋದೆವು. ನಮ್ಮ ಕಡೆಯ ದ್ರಾಕ್ಷಿಗೆ ‘ಬೆಂಗಳೂರು ನೀಲಿ’ ಎಂದು ಹೆಸರು. ಇದು ಕಾಪಿಶಿಯ ಕುಲಕ್ಕೆ ಸೇರಿದ್ದಲ್ಲ. ಅಮೆರಿಕಾಖಂಡದ ದ್ರಾಕ್ಷಿಯ ಸಂತತಿ. ಕಪ್ಪಾದ ಹಣ್ಣು, ದಪ್ಪ ಸಿಪ್ಪೆ, ಹಿಸುಕಿದರೆ ಒಳಗಿನ ತಿರುಳು ಇಡಿಯಾಗಿ ಜಾರಿ ಬಾಯಿಗೆ ಬರುತ್ತದೆ. ಅದರ ಪರಿಮಳವನ್ನು ಒಮ್ಮೆ ಕಂಡವರು ಮರೆಯಲಾರರು. ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಹಣ್ಣಾಗಿಯೂ, ಪಾನಕವಾಗಿಯೂ, ಸಿಹಿಮದ್ಯವಾಗಿಯೂ ಅದರ ವಿನಿಯೋಗವಾಗುತ್ತದೆ. ಭೌಗೋಳಿಕ ಸೂಚಕವೆಂಬ ರಾಜಮುದ್ರೆಯು ಇದಕ್ಕೂ, ನಾವು ಊಟದ ಕೊನೆಯಲ್ಲಿ ತಿಂದ ದೇವನಹಳ್ಳಿಯ ಚಕ್ಕೋತಕ್ಕೂ ದೊರೆತಿದೆ. ಊರಿನ ಹೆಸರನ್ನು ಹಣ್ಣಿಗೆ ಕಟ್ಟುವ ಪಾಣಿನಿಯ ತದ್ಧಿತವು ಇಂದು ಸರ್ಕಾರದ ಕಾನೂನಾಗಿದೆಯೆಂದು ನಾನು ಹೇಳಿದಾಗ ಶಿಷ್ಯನಿಗೆ ಬಹಳ ಸಂತೋಷವಾಯಿತು.

ಒಳ್ಳೆಯ ಮದ್ಯಕ್ಕೆ ಬೇಕಾದ ಫ್ರಾನ್ಸಿನ ತಳಿಗಳ ವಿಷಯವು ಬೇರೆ. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮೊದಲಾದ ಇವು ಇಲ್ಲಿ ಬೇರೂರಿ ಇನ್ನೂ ಅರ್ಧಶತಮಾನವಾಗಿಲ್ಲ. ಕನ್ವಲ್ ಗ್ರೋವರ್ ಎಂಬುವರು ಫ್ರಾನ್ಸಿನ ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಎಂಬ ನಿಪುಣರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ, ನಂದಿಯ ತಪ್ಪಲಿನಲ್ಲಿ, 1988ರಲ್ಲಿ ತಮ್ಮ ದ್ರಾಕ್ಷಿಯ ಉದ್ಯಮವನ್ನು ಸ್ಥಾಪಿಸಿದರು. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಂಪುಮಣ್ಣು, ಸಮುದ್ರಮಟ್ಟಕ್ಕೆ ಸುಮಾರು ಮೂರು ಸಾವಿರ ಅಡಿ ಮೇಲಿರುವ ನೆಲ ಎಂಬ ಗುಣಗಳಿಗಾಗಿ ಈ ಸ್ಥಳವನ್ನು ಆರಿಸಿದರು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿಯ ಸಂಸ್ಕರಣೆಗೂ ಮದ್ಯಕ್ಕೂ ಪ್ರತ್ಯೇಕವಾದ ನೀತಿಯನ್ನು ಮಾಡಿ, ನಂದಿ, ಕೃಷ್ಣಾ, ಕಾವೇರಿ ಎಂಬ ಮೂರು ಕಣಿವೆಗಳನ್ನು ಗುರುತಿಸಿತು. ದ್ರಾಕ್ಷಿಯಾದರೋ ಕರ್ನಾಟಕಕ್ಕೆ ಹೊಸದಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸನು ಅಲ್ಲಿಯ ಪೇಟೆಯಲ್ಲಿ ದ್ರಾಕ್ಷಿಯ ಗೊಂಚಲುಗಳು ಮಾರಾಟಕ್ಕಿದ್ದುದನ್ನು ಕಂಡು ಬರೆದಿದ್ದಾನೆ.

ಅಲ್ಲಿಂದ ಒಂದು ಮದ್ಯಶಾಲೆಗೆ ಹೋದೆವು. ಕೆಲಸದ ಕ್ರಮವನ್ನು ಅಲ್ಲಿಯ ತರುಣನೊಬ್ಬನು ತಾಳ್ಮೆಯಿಂದ ವಿವರಿಸಿದನು. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಬಳ್ಳಿಯು ನಿದ್ರೆಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ಬೇಸಗೆಯ ಆರಂಭದಲ್ಲಿ ಒಮ್ಮೆ, ಮಳೆಯ ಕೊನೆಯಲ್ಲಿ ಮತ್ತೊಮ್ಮೆ ಸವರಬೇಕು. ಎರಡನೆಯ ಸವರಿಕೆಯ ಚಿಗುರಿನಲ್ಲಿ ಬಂದ ಹಣ್ಣನ್ನು ಫೆಬ್ರವರಿ ಮಾರ್ಚಿಗಳಲ್ಲಿ ಕೊಯ್ಯುತ್ತಾರೆ. ರಸಕ್ಕೆ ಬಣ್ಣವಿಲ್ಲ, ಕೆಂಪು ಬರುವುದು ಸಿಪ್ಪೆಯಿಂದ. ಸಿಪ್ಪೆಯೊಡನೆ ಹುದುಗಿದರೆ ಕೆಂಪು, ಸಿಪ್ಪೆಯನ್ನು ಬೇರ್ಪಡಿಸಿದರೆ ಬಿಳಿ. ಕಿಣ್ವವು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತದೆ. ಕಿಣ್ವವೆಂಬ ಮಾತನ್ನು ಕೌಟಿಲ್ಯನೂ ಬಳಸಿದ್ದಾನೆಂದು ನಾನು ಹೇಳಿದೆನು. ಅವನು ಅದನ್ನು ಬರೆದುಕೊಂಡನು.

ಇನ್ನು ಮುಖ್ಯವಾದ ಸಂದರ್ಭವನ್ನು ಹೇಳಬೇಕು. ಆ ತರುಣನು ಗಾಜಿನ ಬಟ್ಟಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಂಪು ಮದ್ಯವನ್ನು ಬಗ್ಗಿಸಿ ನಮ್ಮ ಮುಂದಿಟ್ಟನು. ನಾನು ಒಲ್ಲೆನೆಂದು ಕೈಮುಗಿದೆನು. “ಕುಡಿಯಬೇಡಿ ಮೇಷ್ಟ್ರೇ, ಮೂಸಿಯಾದರೂ ನೋಡಿ. ಮೂಸಿದರೆ ಪಾಪವಿಲ್ಲ” ಎಂದು ಶಿಷ್ಯನು ಹೇಳಿದನು. “ಅಪ್ಪಾ, ಮನುವು ಅದನ್ನೂ ಬಿಟ್ಟಿಲ್ಲ, ಮದ್ಯವನ್ನು ಮೂಸುವುದೇ ಬ್ರಾಹ್ಮಣನಿಗೆ ಜಾತಿಭ್ರಂಶಕರವೆಂದು ಬರೆದಿಟ್ಟಿದ್ದಾನೆ” ಎಂದು ಹೇಳಿ, ಬಟ್ಟಲನ್ನು ಎತ್ತಿ ಮೂಸಿದೆನು. ಸುಳ್ಳು ಹೇಳಲಾರೆ. ಮೊದಲ ಮಳೆಗೆ ನೆನೆದ ಕೆಂಪುಮಣ್ಣಿನ ವಾಸನೆ, ನೇರಿಳೆಯ ಹಣ್ಣಿನ ವಾಸನೆ, ಹಳೆಯ ಮರದ ಪೆಟ್ಟಿಗೆಯನ್ನು ತೆರೆದಾಗ ಬರುವ ವಾಸನೆ, ಇವು ಮೂರೂ ಅದರಲ್ಲಿದ್ದುವು. ಆಮೇಲೆ ಅದನ್ನು ಕೆಳಗಿಟ್ಟೆನು. ಶಿಷ್ಯನು ತನ್ನ ಪಾಲಿನದನ್ನು ನಿಧಾನವಾಗಿ ಕುಡಿದನು. ನನ್ನ ಪಾಲಿನದು ಹಾಗೆಯೇ ಉಳಿಯಿತು.

ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ಇಷ್ಟೂ ಹೆಚ್ಚಾಗಿ ತೋರಬಹುದು. ಕೆಲವರಿಗೆ ನನ್ನ ಸಂಕೋಚವು ನಗೆಗೀಡಾಗಬಹುದು. ಹಳ್ಳಿಯ ಹೆಂಡದಂಗಡಿಗಳಿಂದ ಹಾಳಾದ ಸಂಸಾರಗಳನ್ನು ಉಪಾಧ್ಯಾಯನಾದವನು ಬಲ್ಲಷ್ಟು ಇತರರು ಬಲ್ಲರೋ ಇಲ್ಲವೋ. ಶುಲ್ಕ ತರಲಾರದೆ ಶಾಲೆ ಬಿಟ್ಟ ಮಕ್ಕಳ ಮುಖಗಳು ನನ್ನ ಕಣ್ಣಮುಂದಿವೆ. ಆದಕಾರಣ ಮದ್ಯವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಚರಕಾಚಾರ್ಯರು ಮದಾತ್ಯಯಚಿಕಿತ್ಸೆಯಲ್ಲಿ ಹೇಳಿರುವ ಮಾತಿನ ತಾತ್ಪರ್ಯವು ನನಗೆ ಸಮ್ಮತ. ಮಾತ್ರೆ, ಕಾಲ, ಆಹಾರ, ಸ್ವಂತ ಬಲ ಇವುಗಳನ್ನರಿತು ವಿಧಿಪೂರ್ವಕವಾಗಿ ಸೇವಿಸಿದರೆ ಅದು ಅಮೃತಕ್ಕೆ ಸಮಾನ, ವಿಧಿತಪ್ಪಿದರೆ ವಿಷ. ಅದೇ ಆಚಾರ್ಯರು ಫಲಗಳಲ್ಲೆಲ್ಲ ದ್ರಾಕ್ಷಿಯನ್ನು ಶ್ರೇಷ್ಠವೆಂದು ಎಣಿಸಿದ್ದಾರೆ. ಕುಡಿಯುವುದೂ ಬಿಡುವುದೂ ಅವರವರ ಧರ್ಮ. ತನ್ನ ಊರಿನ ನೆಲವು ಏನನ್ನು ಬೆಳೆಯುತ್ತದೆ, ಅದರಿಂದ ಏನಾಗುತ್ತದೆ, ಅದರ ಹೆಸರು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಅರಿಯುವುದಾದರೋ ಎಲ್ಲರ ಧರ್ಮ.

ಸಂಜೆ ತೋಟಕ್ಕೆ ಹಿಂದಿರುಗಿದಾಗ ಶಿಷ್ಯನು ಬೇಲಿಯಾಚೆಯ ಹೊಲವನ್ನು ತೋರಿಸಿದನು. ಹಿಂದೆ ಅದೂ ದ್ರಾಕ್ಷಿಯ ತೋಟವೇ. ಈಗ ಅಲ್ಲಿ ಬಳ್ಳಿಗಳಿಲ್ಲ, ನಿವೇಶನಗಳ ಅಳತೆಯ ಕಲ್ಲುಗಳು ನೆಟ್ಟಿವೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವಾದಂದಿನಿಂದ ಈ ಕಡೆಯ ಭೂಮಿಯ ಬೆಲೆ ಏರುತ್ತಲೇ ಇದೆ. ಕೊಳವೆಬಾವಿಗಳ ನೀರು ಇಳಿಯುತ್ತಲೇ ಇದೆ. ನದಿಗಳ ತವರಿನಲ್ಲಿ ಹನಿಹನಿಯಾಗಿ ಬಳ್ಳಿಯ ಬುಡಕ್ಕೆ ನೀರುಣಿಸುವ ಕಷ್ಟವು ಅವನದು. “ನನ್ನನ್ನೂ ಕೇಳುತ್ತಿದ್ದಾರೆ ಮೇಷ್ಟ್ರೇ. ಏನು ಹೇಳಲಿ?” ಎಂದು ಅವನು ಕೇಳಿದನು. ನಿವೃತ್ತಿವೇತನದಲ್ಲಿ ಬದುಕುವ ನಾನು, ಸಾಲದಲ್ಲಿ ಬದುಕುವ ಅವನಿಗೆ ತೋಟವನ್ನು ಮಾರಬೇಡವೆಂದು ಯಾವ ಬಾಯಿಂದ ಹೇಳಲಿ? ಉತ್ತರ ಕೊಡಲಿಲ್ಲ. ಬೆಳಗಿನ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿದ್ದಿತು. ಇದಕ್ಕೆ ನನ್ನ ಯಾವ ಗ್ರಂಥದಲ್ಲಿಯೂ ಇರಲಿಲ್ಲ.

ಆದರೆ ಒಂದನ್ನು ಬಲ್ಲೆನು. ಕಾಪಿಶೀ ಪಟ್ಟಣವು ಹಾಳಾಗಿ ಮಣ್ಣಿನಡಿಯಲ್ಲಿ ಸೇರಿಹೋಯಿತು. ಅದರ ಹೆಸರು ನಮ್ಮವರೆಗೆ ಬಂದುದು, ಅಲ್ಲಿಯ ದ್ರಾಕ್ಷಿಯ ರುಚಿಯನ್ನು ಒಬ್ಬ ವೈಯಾಕರಣನು ಗಮನಿಸಿ ಒಂದು ಸೂತ್ರದಲ್ಲಿ ಕಟ್ಟಿಟ್ಟುದರಿಂದ. ನಂದಿಯ ತೋಟಗಳು ಉಳಿಯುವುವೋ ಅಳಿಯುವುವೋ ನಮ್ಮ ಕೈಯಲ್ಲಿಲ್ಲ. ಅವುಗಳನ್ನು ಕಣ್ಣಾರೆ ಕಂಡು ಅರಿಯುವುದು ನಮ್ಮ ಕೈಯಲ್ಲಿದೆ. ಆದ್ದರಿಂದ ನಮ್ಮ ಸಂಘದ ಸದಸ್ಯರಲ್ಲಿ ಸವಿನಯವಾಗಿ ಒಂದು ವಿಜ್ಞಾಪನೆ. ದೂರದ ಯಾತ್ರೆಗಳಿಗೆ ಹೋಗುವ ಮೊದಲು, ವರ್ಷಕ್ಕೆ ಒಂದು ದಿನವಾದರೂ, ಮಕ್ಕಳನ್ನು ಕರೆದುಕೊಂಡು ಹತ್ತು ಮೈಲಿಗಳ ಒಳಗಿನ ಯಾತ್ರೆಯನ್ನು ಮಾಡಿರಿ. ಒಂದು ಶಾಸನವನ್ನು ಓದಿಸಿರಿ. ಒಬ್ಬ ರೈತನ ಮನೆಯಲ್ಲಿ ಉಂಡು ಬನ್ನಿರಿ. ನೆಲದ ಹಣ್ಣನ್ನು ನೆಲದ ಮೇಲೆಯೇ ನಿಂತು ತಿನ್ನಿರಿ.

ಹೊರಡುವಾಗ ಶಿಷ್ಯನು ಒಂದು ಬುಟ್ಟಿ ಹಣ್ಣನ್ನು ಕೊಟ್ಟನು. ಮನೆಯಲ್ಲಿ ಮೊಮ್ಮಗಳು ಅದನ್ನು ತಿನ್ನುತ್ತ, ಇದು ಎಲ್ಲಿಯದು ತಾತ ಎಂದು ಕೇಳಿದಳು. ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ ಬೆಟ್ಟವನ್ನು ತೋರಿಸಿ, ರತ್ನಾವಳಿಯ ಕಥೆಯಿಂದ ಆರಂಭಿಸಿದೆನು.